ಎರಕದ ಸಿಮ್ಯುಲೇಶನ್: ಟೈಮ್ ಸ್ಟೆಪ್ ಎಷ್ಟಿಡಬೇಕು, ಯಾವ ವಿಧಾನ ಆರಿಸಬೇಕು?

"ಸರ, ಟೈಮ್ ಸ್ಟೆಪ್ ಎಷ್ಟ್ ಇಡ್ಬೇಕ್ರಿ?"

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಆಫೀಸಿಗೆ ಪ್ರಾಜೆಕ್ಟಿಗೆಂದು ಬರುವ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ಲೋಹ ತಣ್ಣಗಾಗುವುದನ್ನು ಕಂಪ್ಯೂಟರ್ ಎಷ್ಟೆಷ್ಟು ಸಮಯದ ತುಂಡುಗಳಾಗಿ ಲೆಕ್ಕ ಹಾಕುತ್ತದೋ ಅದೇ ಟೈಮ್ ಸ್ಟೆಪ್. ಫೌಂಡ್ರಿಗಳಲ್ಲಿ (ಎರಕದ ಕಾರ್ಖಾನೆಗಳಲ್ಲಿ) ರೈಸರ್ (ಆರುವಾಗ ಕುಗ್ಗುವ ಎರಕಕ್ಕೆ ಹೆಚ್ಚುವರಿ ಲೋಹ ಕೊಡುವ ಭಾಗ), ಗೇಟಿಂಗ್ (ಲೋಹ ಒಳಗೆ ಹರಿಯುವ ದಾರಿ) ನೋಡಿಕೊಳ್ಳುವ ಗೆಳೆಯರದ್ದೂ ಹೆಚ್ಚು ಕಡಿಮೆ ಇದೇ ಗೊಂದಲ. ಸಾಫ್ಟ್‌ವೇರ್ ತೆರೆದರೆ ಎಕ್ಸ್‌ಪ್ಲಿಸಿಟ್, ಇಂಪ್ಲಿಸಿಟ್, ಫಿಕ್ಸ್ಡ್, ಆಟೋಮ್ಯಾಟಿಕ್ ಅಂತ ಸಾಲಾಗಿ ಆಯ್ಕೆಗಳು. ಕೆಳಗೆ ಟಾಲರೆನ್ಸ್ (ಎಷ್ಟು ತಪ್ಪನ್ನು ಸಹಿಸಬಹುದು) ಅಂತ ನಾಲ್ಕೈದು ಖಾಲಿ ಡಬ್ಬಿಗಳು. ಅವುಗಳಲ್ಲಿ ಏನು ತುಂಬಬೇಕು?

"ಸಣ್ಣ ಸ್ಟೆಪ್ ಇಡು, ತಪ್ಪಾಗೋದಿಲ್ಲ" ಅನ್ನುವ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಎರಕ ಗಟ್ಟಿಯಾಗುವ ಲೆಕ್ಕದಲ್ಲಿ ಅದು ಅರ್ಧ ನಿಜ ಅಷ್ಟೆ. ಸ್ಟೆಪ್ ದೊಡ್ಡದಾದರೆ ಒಂದು ಥರದ ತಪ್ಪು, ತೀರಾ ಸಣ್ಣದಾದರೆ ಇನ್ನೊಂದು ಥರದ ತಪ್ಪು. ಎರಡೂ ತಪ್ಪುಗಳನ್ನು ನಾನು ಮಾಡಿದ್ದೇನೆ. ಅವು ಹೇಗಾಗುತ್ತವೆ ಅಂತ ಗೊತ್ತಾದರೆ ಆಯ್ಕೆ ತಾನಾಗೇ ಸುಲಭವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಮೋಲ್ಡ್ (ಅಚ್ಚು) ತುಂಬಿದ ಮೇಲೆ ಲೋಹ ಆರಿ ಗಟ್ಟಿಯಾಗುವ ಭಾಗದ ಬಗ್ಗೆ ಮಾತ್ರ. ಲೋಹ ಹರಿಯುವ ಭಾಗದ ಲೆಕ್ಕ ಬೇರೆ. ಮೋಲ್ಡು ಮರಳಿನದು, ಲೋಹ ಗ್ರೇ ಐರನ್ ಅಂತ ಇಟ್ಟುಕೊಳ್ಳೋಣ. ನಮ್ಮ ಊರಿನ ವಾಲ್ವ್ ಬಾಡಿ, ಪಂಪ್ ಬಾಡಿ, ಹಬ್ ಎಲ್ಲ ಜಾಸ್ತಿ ಈ ದಾರಿಯಲ್ಲೇ ಬರುತ್ತವೆ.

ಮೊದಲು ಕೆಲವು ಅಂಕಿಗಳು

ಬಿಸಿ ಗ್ರೇ ಐರನ್ನಿನ ಸಾಂದ್ರತೆ ಘನ ಮೀಟರಿಗೆ 7000 ಕೆಜಿ, ಕಂಡಕ್ಟಿವಿಟಿ (ಶಾಖ ಸಾಗಿಸುವ ಸಾಮರ್ಥ್ಯ) 40, ಸ್ಪೆಸಿಫಿಕ್ ಹೀಟ್ (1 ಡಿಗ್ರಿ ಏರಿಸಲು ಬೇಕಾದ ಶಾಖ) ಕೆಜಿಗೆ 800 ಜೂಲ್ ಅಂತ ಹಿಡಿಯೋಣ. ಕಂಡಕ್ಟಿವಿಟಿಯನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿದರೆ ಡಿಫ್ಯೂಸಿವಿಟಿ ಸಿಗುತ್ತದೆ, ಅಂದರೆ ಶಾಖ ಎಷ್ಟು ಬೇಗ ಹರಡುತ್ತದೆ ಅನ್ನುವ ಅಳತೆ. ಕಬ್ಬಿಣಕ್ಕೆ ಅದು ಸೆಕೆಂಡಿಗೆ ಸುಮಾರು 7 ಚದರ ಮಿಲಿಮೀಟರ್. ಮರಳಿಗೆ ಸುಮಾರು 0.4. ಒಂದಕ್ಕೊಂದು ಅಂಟಿಕೊಂಡಿರುವ ಎರಡು ವಸ್ತುಗಳ ನಡುವೆ 17 ಪಟ್ಟು ವ್ಯತ್ಯಾಸ! ಎರಕದ ಸಿಮ್ಯುಲೇಶನ್ನಿನ ಅರ್ಧ ತಲೆನೋವು ಇಲ್ಲಿಂದಲೇ ಹುಟ್ಟುತ್ತದೆ.

ಇನ್ನರ್ಧ ಹುಟ್ಟುವುದು ಲೇಟೆಂಟ್ ಹೀಟಿನಿಂದ, ಶಾಲೆಯಲ್ಲಿ ಗುಪ್ತೋಷ್ಣ ಅಂತ ಓದಿದ್ದೆವಲ್ಲ, ಅದು. ಗ್ರೇ ಐರನ್ ಸುಮಾರು 1150 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವಾಗ ಕೆಜಿಗೆ 2 ಲಕ್ಷ ಜೂಲಿಗೂ ಜಾಸ್ತಿ ಶಾಖ ಹೊರಬಿಡುತ್ತದೆ. ಲೆಕ್ಕಕ್ಕೆ 2,30,000 ಅಂತ ಇಟ್ಟುಕೊಂಡರೆ, ಅದೇ ಲೋಹ ಸುಮ್ನೆ 287 ಡಿಗ್ರಿ ತಣ್ಣಗಾದರೆ ಬಿಡುವಷ್ಟು ಶಾಖ ಅದು. ಅಷ್ಟೂ ಶಾಖ ಬರೀ ಹತ್ತಾರು ಡಿಗ್ರಿಗಳ ಕಿರಿದಾದ ಪಟ್ಟಿಯಲ್ಲಿ ಹೊರಬರುತ್ತದೆ. ಸಮಸ್ಯೆಯನ್ನು ನಾನ್‌ಲೀನಿಯರ್ ಮಾಡುವುದು (ಅಂದರೆ ತಾಪಮಾನ ಬದಲಾದಂತೆ ಲೆಕ್ಕದ ಅಂಕಿಗಳೂ ಬದಲಾಗುವಂತೆ ಮಾಡುವುದು) ಮುಖ್ಯವಾಗಿ ಈ ಪಟ್ಟಿ.

ಯಾವುದನ್ನು ನೋಡಿ ಆರಿಸಬೇಕು

ನಾನು ನೋಡುವುದು ನಾಲ್ಕು ವಿಷಯ. ಲೇಟೆಂಟ್ ಹೀಟ್ ಪೂರ್ತಿ ಲೆಕ್ಕಕ್ಕೆ ಬಂತಾ? ಎಲ್ಲಾದರೂ ಇರಬಾರದ ತಾಪಮಾನ ಕಾಣುತ್ತಿದೆಯಾ? ಇರುವ ಕಂಪ್ಯೂಟರಿನಲ್ಲಿ, ಇರುವ ಸಮಯದಲ್ಲಿ ಮುಗಿಯುತ್ತದೆಯಾ? ತಪ್ಪಾದಾಗ ಅದು ಕಣ್ಣಿಗೆ ಬೀಳುತ್ತದೆಯಾ, ಇಲ್ಲ ಒಳ್ಳೆಯ ಬಣ್ಣದ ಚಿತ್ರದ ಹಿಂದೆ ಅಡಗುತ್ತದೆಯಾ? ಕೊನೆಯದನ್ನು ಜನ ಕೇಳುವುದೇ ಇಲ್ಲ. ನನಗೆ ಅದು ಮೂರನೆಯದಕ್ಕಿಂತ ಮುಖ್ಯ. ತಪ್ಪು ಚಿತ್ರ ನಂಬಿ ಪ್ಯಾಟರ್ನ್ (ಅಚ್ಚು ಒತ್ತುವ ಮಾದರಿ) ಮಾಡಿಸಿದರೆ ಆಗುವ ಖರ್ಚಿನ ಮುಂದೆ ಒಂದು ರಾತ್ರಿಯ ರನ್ ಏನೂ ಅಲ್ಲ.

ಮೊದಲನೆಯ ವಿಷಯವನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸುತ್ತೇನೆ. ಪೆನ್ನು ಕಾಗದ ಸಾಕು.

ಲೋಹದ ಒಂದು ತುಣುಕು 1165 ಡಿಗ್ರಿಯಲ್ಲಿದೆ. 1160ರಿಂದ 1120ರವರೆಗೆ ಗಟ್ಟಿಯಾಗುತ್ತದೆ. ಸದ್ಯ ಸೆಕೆಂಡಿಗೆ 2 ಡಿಗ್ರಿಯಂತೆ ಇಳಿಯುತ್ತಿದೆ, ಅಂದರೆ ಕೆಜಿಗೆ ಸೆಕೆಂಡಿಗೆ 1600 ಜೂಲ್ ಕಳೆದುಕೊಳ್ಳುತ್ತಿದೆ. ಆ 40 ಡಿಗ್ರಿಯ ಪಟ್ಟಿ ದಾಟಲು ಲೇಟೆಂಟ್ ಹೀಟ್ 2,30,000 ಜೂಲ್, ಜೊತೆಗೆ ಮಾಮೂಲಿ ಶಾಖ 32,000 ಜೂಲ್, ಒಟ್ಟು 2,62,000 ಜೂಲ್ ಹೋಗಬೇಕು. ಇದೇ ವೇಗದಲ್ಲಿ ಹೋದರೆ 164 ಸೆಕೆಂಡ್ ಬೇಕು.

ಈಗ ಸ್ಟೆಪ್ 30 ಸೆಕೆಂಡ್ ಇಟ್ಟೆವು ಅಂತ ಇಟ್ಟುಕೊಳ್ಳಿ. ಸಾಫ್ಟ್‌ವೇರ್ ಸ್ಟೆಪ್ಪಿನ ಶುರುವಿನಲ್ಲಿ ಸ್ಪೆಸಿಫಿಕ್ ಹೀಟ್ ಎಷ್ಟಿದೆ ಅಂತ ನೋಡುತ್ತದೆ. 1165ರಲ್ಲಿ 800. ಹಾಗಾದರೆ 30 ಸೆಕೆಂಡಿನಲ್ಲಿ 60 ಡಿಗ್ರಿ ಇಳಿಯಬೇಕು. ಇಳಿದು 1105ಕ್ಕೆ ಬಂದು ನಿಲ್ಲುತ್ತದೆ. ಗಟ್ಟಿಯಾಗುವ ಪಟ್ಟಿಯನ್ನು ಒಂದೇ ಹಾರಿಗೆ ದಾಟಿಬಿಟ್ಟಿತು. 164 ಸೆಕೆಂಡಿನ ಕೆಲಸ 30 ಸೆಕೆಂಡಿನಲ್ಲಿ ಮುಗಿಯಿತು ಅಂತ ಕಂಪ್ಯೂಟರ್ ಹೇಳುತ್ತದೆ, ಅದೂ ಯಾವ ಎರರ್ ಮೆಸೇಜೂ ಇಲ್ಲದೆ.

ಸ್ಟೆಪ್ 2 ಸೆಕೆಂಡ್ ಇಟ್ಟರೆ 1161, ಆಮೇಲೆ 1157. ಈಗ ಪಟ್ಟಿಯೊಳಗೆ ಬಂತು. ಅಲ್ಲಿಂದ ಸ್ಪೆಸಿಫಿಕ್ ಹೀಟ್ 6550 ಆಗುತ್ತದೆ, ಇಳಿಯುವ ವೇಗ ಸೆಕೆಂಡಿಗೆ ಕಾಲು ಡಿಗ್ರಿಗೆ ಬರುತ್ತದೆ. ಆದರೆ ನೋಡಿ, ಒಳಗೆ ಬರುವಾಗಲೇ 3 ಡಿಗ್ರಿಯ ಪಾಲಿನ ಲೇಟೆಂಟ್ ಹೀಟ್ ಕೈತಪ್ಪಿತು. 40ರಲ್ಲಿ 3, ಅಂದರೆ ಶೇಕಡಾ 7.5.

ಇದಕ್ಕೆ ಪರಿಹಾರ ಎಂಥಾಲ್ಪಿ ವಿಧಾನ. ತಾಪಮಾನವನ್ನು ನೇರವಾಗಿ ಇಳಿಸುವ ಬದಲು ಒಟ್ಟು ಶಾಖದ ಖಾತೆಯಿಂದ ಕಳೆಯುವುದು, ಉಳಿದ ಶಾಖಕ್ಕೆ ಎಷ್ಟು ತಾಪಮಾನ ಅಂತ ಆಮೇಲೆ ಕೋಷ್ಟಕದಿಂದ ನೋಡುವುದು. ಈಗ 30 ಸೆಕೆಂಡಿನ ಸ್ಟೆಪ್ ಇಟ್ಟರೂ ಪ್ರತಿ ಸ್ಟೆಪ್ಪಿಗೆ 48,000 ಜೂಲ್ ಹೋಗುತ್ತದೆ, ಪಟ್ಟಿ ದಾಟಲು ಐದೂವರೆ ಸ್ಟೆಪ್ ಬೇಕೇ ಬೇಕು. ಅಷ್ಟು ದೊಡ್ಡ ಸ್ಟೆಪ್ಪಿನಲ್ಲೂ ಒಟ್ಟು ಸಮಯ ಸರಿ ಬರುತ್ತದೆ. ಹಾಗಾಗಿ ಟೈಮ್ ಸ್ಟೆಪ್ ಬಗ್ಗೆ ಯೋಚಿಸುವ ಮುಂಚೆ ನಿಮ್ಮ ಸಾಫ್ಟ್‌ವೇರಿನಲ್ಲಿ ಎಂಥಾಲ್ಪಿ ಆಯ್ಕೆ ಇದೆಯಾ ನೋಡಿ. ಇದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕಿ.

ಎಕ್ಸ್‌ಪ್ಲಿಸಿಟ್: ಸರಳ, ಆದರೆ ಮೆಶ್ಶಿಗೆ ಕಟ್ಟುಬಿದ್ದದ್ದು

ಎರಕ, ಮೋಲ್ಡು ಎರಡನ್ನೂ ಸಣ್ಣ ತುಣುಕುಗಳಾಗಿ (ಎಲಿಮೆಂಟ್) ಕತ್ತರಿಸಿದ ಜಾಲವೇ ಮೆಶ್. ಈಗಿನ ತಾಪಮಾನದಿಂದಲೇ ಮುಂದಿನ ಕ್ಷಣದ್ದನ್ನು ನೇರವಾಗಿ ಲೆಕ್ಕ ಹಾಕುವುದು ಎಕ್ಸ್‌ಪ್ಲಿಸಿಟ್. ಕಾರು ಡಿಕ್ಕಿಯಂಥ ಲೆಕ್ಕಗಳಲ್ಲಿ ಎಕ್ಸ್‌ಪ್ಲಿಸಿಟ್ ಸ್ಟೆಪ್ ಮೈಕ್ರೋಸೆಕೆಂಡಿನಲ್ಲಿ ಇರುತ್ತದೆ. 5 ಮಿಲಿಮೀಟರಿನ ಉಕ್ಕಿನ ಎಲಿಮೆಂಟಿಗೆ ಸುಮಾರು 1 ಮೈಕ್ರೋಸೆಕೆಂಡ್. ಅದನ್ನು ಕೇಳಿ ಹೆದರಿದವರು ಎರಕಕ್ಕೂ ಎಕ್ಸ್‌ಪ್ಲಿಸಿಟ್ ಬೇಡ ಅನ್ನುತ್ತಾರೆ. ಶಾಖದ ಲೆಕ್ಕ ಹಾಗಿಲ್ಲ. ಮೂರು ಆಯಾಮದ ಘನಾಕಾರದ ಮೆಶ್ಶಿನಲ್ಲಿ ಎಲಿಮೆಂಟಿನ ಅಳತೆಯ ವರ್ಗವನ್ನು ಡಿಫ್ಯೂಸಿವಿಟಿಯ 6 ಪಟ್ಟಿನಿಂದ ಭಾಗಿಸಿ. ಅದಕ್ಕಿಂತ ಸ್ಟೆಪ್ ದೊಡ್ಡದಾಗಬಾರದು. ಕಬ್ಬಿಣದಲ್ಲಿ 5 ಮಿಲಿಮೀಟರಿಗೆ 25 ಭಾಗಿಸು 42, ಅಂದರೆ 0.6 ಸೆಕೆಂಡ್. ಹತ್ತು ನಿಮಿಷದ ಎರಕಕ್ಕೆ ಬರೀ ಸಾವಿರ ಸ್ಟೆಪ್. ಒಂದೊಂದು ಸ್ಟೆಪ್ಪೂ ಬಹಳ ಅಗ್ಗ, ಇಟರೇಶನ್ (ಉತ್ತರವನ್ನು ಮತ್ತೆ ಮತ್ತೆ ತಿದ್ದುವುದು) ಇಲ್ಲ, ಕನ್ವರ್ಜೆನ್ಸ್ (ತಿದ್ದುತ್ತಾ ಒಂದು ಉತ್ತರಕ್ಕೆ ಬಂದು ನಿಲ್ಲುವುದು) ಅನ್ನುವ ಮಾತೇ ಇಲ್ಲ.

ತೊಂದರೆ ಮೆಶ್ ಸಣ್ಣ ಮಾಡಿದಾಗ. 2.5 ಮಿಲಿಮೀಟರಿಗೆ ಇಳಿಸಿದರೆ ಎಲಿಮೆಂಟ್ 8 ಪಟ್ಟು, ಸ್ಟೆಪ್ ನಾಲ್ಕನೇ ಒಂದು, ಒಟ್ಟು ಕೆಲಸ 32 ಪಟ್ಟು. ಮೋಲ್ಡಿನಲ್ಲಿ ತಾಮ್ರದ ಚಿಲ್ (ಶಾಖ ಬೇಗ ಎಳೆಯುವ ಲೋಹದ ತುಂಡು) ಇಟ್ಟರಂತೂ ಅದರ ಡಿಫ್ಯೂಸಿವಿಟಿ 100ಕ್ಕಿಂತ ಜಾಸ್ತಿ, 5 ಮಿಲಿಮೀಟರಿಗೂ ಸ್ಟೆಪ್ 0.04 ಸೆಕೆಂಡಿಗೆ ಬೀಳುತ್ತದೆ. ಒಂದು ಮೂಲೆಯಲ್ಲಿರುವ ಸಣ್ಣ ಚಿಲ್ ಇಡೀ ಮಾಡೆಲ್ಲಿನ ವೇಗವನ್ನು ತಡೆದು ಕೂರುತ್ತದೆ.

ನನಗೆ ಇದರಲ್ಲಿ ಇಷ್ಟವಾಗುವುದು ಪ್ರಾಮಾಣಿಕತೆ. ಮಿತಿ ಮೀರಿದರೆ ತಾಪಮಾನ ಲಕ್ಷಗಟ್ಟಲೆ ಡಿಗ್ರಿಗೆ ಹಾರುತ್ತದೆ. ಎದುರಿಗೇ ಕಾಣುತ್ತದೆ. ತಪ್ಪು ಅಡಗಿಕೊಳ್ಳುವುದಿಲ್ಲ. ಕಲಿಯುವವರು ಸ್ವಂತ ಕೋಡ್ ಬರೆಯುತ್ತಿದ್ದರೆ, ಒಂದೇ ಸಮನಾದ ಘನಾಕಾರದ ಮೆಶ್ ಸಾಕು ಅನ್ನುವ ಕೆಲಸವಾಗಿದ್ದರೆ, ಎಕ್ಸ್‌ಪ್ಲಿಸಿಟ್ ಜೊತೆ ಎಂಥಾಲ್ಪಿ ಅತ್ಯುತ್ತಮ ಜೋಡಿ.

ಫಿಕ್ಸ್ಡ್ ಸ್ಟೆಪ್ಪಿನ ಇಂಪ್ಲಿಸಿಟ್: ಇಲ್ಲೇ ಮೋಸ ಹೋಗುವುದು

ಬ್ಯಾಕ್‌ವರ್ಡ್ ಆಯ್ಲರ್ ಅನ್ನುವ ಇಂಪ್ಲಿಸಿಟ್ ವಿಧಾನ (ಮುಂದಿನ ಕ್ಷಣದ ತಾಪಮಾನಗಳನ್ನು ಸಮೀಕರಣ ಬಿಡಿಸಿ ಒಟ್ಟಿಗೆ ಹುಡುಕುವುದು) ಎಷ್ಟು ದೊಡ್ಡ ಸ್ಟೆಪ್ ಇಟ್ಟರೂ ಸಿಡಿಯುವುದಿಲ್ಲ. ಅದೇ ಅದರ ಬಲ, ಅದೇ ಅಪಾಯ. 60 ಸೆಕೆಂಡಿನ ಸ್ಟೆಪ್ ಇಟ್ಟರೂ ಚಂದದ ಚಿತ್ರ ಬರುತ್ತದೆ. ಮೇಲೆ ನೋಡಿದ ಹಾಗೆ ಲೇಟೆಂಟ್ ಹೀಟ್ ಹಾರಿಹೋಗಿದ್ದರೂ ಬರುತ್ತದೆ. ಹಿಂದೊಮ್ಮೆ ಇಂಥ ಚಿತ್ರ ನೋಡಿಯೇ ಒಂದು ಹಬ್‌ನಲ್ಲಿ ರೈಸರ್ ಚಿಕ್ಕದು ಮಾಡಬಹುದು ಅಂತ ನಾನು ಹೇಳಿದ್ದೆ. ಮಷೀನಿಂಗ್ ಮಾಡುವಾಗ ದಪ್ಪ ಭಾಗದ ನಡುವೆ ಶ್ರಿಂಕೇಜ್ ತೂತುಗಳು (ಲೋಹ ಕುಗ್ಗಿ ಆಗುವಂಥವು) ಸಿಕ್ಕವು. ಆ ತುಂಡು ಇನ್ನೂ ನನ್ನ ಟೇಬಲ್ ಮೇಲೆ ಇದೆ. ಕೊಯ್ದ ಮುಖದಲ್ಲಿ ಸ್ಪಂಜಿನ ಹಾಗೆ ಕಾಣುವ ಬೂದು ಕಲೆ, ಹೆಬ್ಬೆರಳಿನ ಉಗುರಿನಷ್ಟು.

ಆಮೇಲೆ ಹೆದರಿ ಎಲ್ಲದಕ್ಕೂ 0.1 ಸೆಕೆಂಡ್ ಇಡಲು ಶುರು ಮಾಡಿದೆ. ಆಗ ಕಂಡದ್ದು ಎರಡನೇ ಥರದ ತಪ್ಪು. ಮೋಲ್ಡ್ ಶುರುವಿಗೆ 30 ಡಿಗ್ರಿ, ಲೋಹ 1350 ಡಿಗ್ರಿ. ಮೊದಲ ಸ್ಟೆಪ್ ಮುಗಿದಾಗ ಲೋಹದ ಪಕ್ಕದ ಮರಳು ಬಿಸಿಯಾಗಿತ್ತು, ಸರಿ. ಅದರಾಚೆಯ ಮರಳಿನ ತಾಪಮಾನ ಸೊನ್ನೆಗಿಂತ ಕೆಳಗೆ! ಕುದಿಯುವ ಕಬ್ಬಿಣ ಸುರಿದರೆ ಮರಳು ಹೆಪ್ಪುಗಟ್ಟುತ್ತದಾ? ಟಾಲರೆನ್ಸ್ ಸಾಲದು ಅಂದುಕೊಂಡು ಬಿಗಿ ಮಾಡಿದೆ. ಸ್ಟೆಪ್ ಇನ್ನೂ ಸಣ್ಣ ಮಾಡಿದೆ. ಜಾಸ್ತಿಯೇ ಆಯಿತು.

ಕಾರಣ ಹೀಗಿದೆ. ಸಾಮಾನ್ಯ ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಇಂಪ್ಲಿಸಿಟ್ ಸ್ಟೆಪ್ಪಿಗೆ ಕೆಳಗಿನ ಮಿತಿಯೊಂದಿದೆ. ಎಲಿಮೆಂಟಿನ ಅಳತೆಯ ವರ್ಗವನ್ನು ಡಿಫ್ಯೂಸಿವಿಟಿಯ 6 ಪಟ್ಟಿನಿಂದ ಭಾಗಿಸಿದಷ್ಟು. ಎಕ್ಸ್‌ಪ್ಲಿಸಿಟ್‌ನಲ್ಲಿ ಮೇಲಿನ ಮಿತಿಯಾಗಿದ್ದ ಸೂತ್ರವೇ ಇಲ್ಲಿ ಕೆಳಗಿನ ಮಿತಿಯಾಗಿ ಕೂತಿದೆ. ಮರಳಿನಲ್ಲಿ 10 ಮಿಲಿಮೀಟರಿನ ಎಲಿಮೆಂಟ್ ಇದ್ದರೆ 100 ಭಾಗಿಸು 2.4, ಅಂದರೆ 42 ಸೆಕೆಂಡ್. ನಾನು ಇಟ್ಟದ್ದು 0.1! ಅಷ್ಟು ಕಡಿಮೆ ಸಮಯದಲ್ಲಿ ಶಾಖ ಆ ಎಲಿಮೆಂಟಿನ ಒಂದು ಮೂಲೆಯನ್ನೂ ದಾಟಿರುವುದಿಲ್ಲ. ಆ ಕಡಿದಾದ ಇಳಿಜಾರನ್ನು ದೊಡ್ಡ ಎಲಿಮೆಂಟ್ ಹಿಡಿಯಲಾರದೆ ಅಲೆಯಂತೆ ಏರಿಳಿಯುತ್ತದೆ.

ಸರಿಪಡಿಸಲು ಎರಡು ದಾರಿ. ಲೋಹಕ್ಕೆ ತಾಗಿದ ಮರಳಿನ ಮೊದಲ ಕೆಲವು ಪದರಗಳನ್ನು 2 ಮಿಲಿಮೀಟರಿಗೆ ಇಳಿಸಿದರೆ ಮಿತಿ 1.7 ಸೆಕೆಂಡಿಗೆ ಬರುತ್ತದೆ. ಇಲ್ಲವಾದರೆ ಲಂಪ್ಡ್ ಕೆಪ್ಯಾಸಿಟಿ (ಶಾಖ ಹಿಡಿಯುವ ಗುಣವನ್ನೆಲ್ಲ ಮೂಲೆಗಳಲ್ಲೇ ಕೂಡಿಸಿಟ್ಟದ್ದು) ಇರುವ ಫಸ್ಟ್ ಆರ್ಡರ್ (ಲೆಕ್ಕದ ಬಿಂದು ಮೂಲೆಗಳಲ್ಲಿ ಮಾತ್ರ ಇರುವ) ಎಲಿಮೆಂಟ್ ಬಳಸಿ, ಈ ಏರಿಳಿತ ಬಹುಪಾಲು ಹೋಗುತ್ತದೆ. ನಾನು ಎರಡನ್ನೂ ಮಾಡುತ್ತೇನೆ. ಸೆಕೆಂಡ್ ಆರ್ಡರ್ ಎಲಿಮೆಂಟ್ ಒಳ್ಳೆಯದು ಅನ್ನುವ ನಂಬಿಕೆ ಸ್ಟ್ರೆಸ್ ಲೆಕ್ಕಕ್ಕೆ ಸರಿ, ಇಲ್ಲಿಗಲ್ಲ.

ಕ್ರಾಂಕ್-ನಿಕಲ್ಸನ್

1947ರಿಂದ ಬಳಕೆಯಲ್ಲಿರುವ ಇನ್ನೊಂದು ಇಂಪ್ಲಿಸಿಟ್ ವಿಧಾನ. ಸ್ಟೆಪ್ ಅರ್ಧ ಮಾಡಿದರೆ ಬ್ಯಾಕ್‌ವರ್ಡ್ ಆಯ್ಲರ್‌ನಲ್ಲಿ ತಪ್ಪು ಅರ್ಧವಾದರೆ ಇದರಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ. ಪುಸ್ತಕದಲ್ಲಿ ಓದಿದವರಿಗೆ ಇದರ ಮೇಲೆ ಪ್ರೀತಿ. ಆದರೆ 1350 ಡಿಗ್ರಿ 30 ಡಿಗ್ರಿಗೆ ಮುಟ್ಟುವ ಮೊದಲ ಕ್ಷಣದ ಹೊಡೆತಕ್ಕೆ ಇದು ತೂಗಾಡುತ್ತದೆ, ಬೇಗ ನಿಲ್ಲುವುದೂ ಇಲ್ಲ. ಗಟ್ಟಿಯಾದ ಮೇಲೆ ನಿಧಾನವಾಗಿ ತಣ್ಣಗಾಗುವ ಹೊತ್ತಿಗೆ, ಎನೀಲಿಂಗ್ ಫರ್ನೆಸ್ಸಿನ ಲೆಕ್ಕಕ್ಕೆ ಚೆನ್ನ. ಎರಕಕ್ಕೆ ಹಾಕಲೇಬೇಕು ಅಂದರೆ ಮೊದಲ ನಾಲ್ಕು ಸ್ಟೆಪ್ಪನ್ನು ಬ್ಯಾಕ್‌ವರ್ಡ್ ಆಯ್ಲರ್‌ನಲ್ಲಿ ಓಡಿಸಿ ಆಮೇಲೆ ಬದಲಾಯಿಸಿ.

ಆಟೋಮ್ಯಾಟಿಕ್ ಸ್ಟೆಪ್ಪಿನ ಇಂಪ್ಲಿಸಿಟ್

ಫೌಂಡ್ರಿ ಕೆಲಸಕ್ಕೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಒಂದು ಸ್ಟೆಪ್ಪಿನಲ್ಲಿ ತಾಪಮಾನ ಎಷ್ಟು ಡಿಗ್ರಿಗಿಂತ ಜಾಸ್ತಿ ಬದಲಾಗಬಾರದು ಅಂತ ಒಂದು ಮಿತಿ ಕೊಡುತ್ತೀರಿ. ಅದಕ್ಕೆ ತಕ್ಕಂತೆ ಸಾಫ್ಟ್‌ವೇರ್ ತಾನೇ ಸ್ಟೆಪ್ ಹಿಗ್ಗಿಸಿ ಕುಗ್ಗಿಸಿ ಹೋಗುತ್ತದೆ.

ಆ ಮಿತಿ ಎಷ್ಟು? ಗಟ್ಟಿಯಾಗುವ ಪಟ್ಟಿ 40 ಡಿಗ್ರಿ ಅಗಲವಿದ್ದರೆ 5ರಿಂದ 8 ಡಿಗ್ರಿ ಕೊಡಿ, ಪಟ್ಟಿ ದಾಟಲು ಕಡಿಮೆ ಅಂದರೂ ಐದು ಸ್ಟೆಪ್ ಬೇಕಾಗುತ್ತದೆ. ಆದರೆ ಇದೇ ಮಿತಿಯನ್ನು ಸುರಿದ ಮೊದಲ ಕ್ಷಣಕ್ಕೂ ಹಾಕಿದರೆ ಕೆಟ್ಟಿತು. ಆಗ ಮರಳಿನ ಮುಖದಲ್ಲಿ ತಾಪಮಾನ ನೂರಾರು ಡಿಗ್ರಿ ಏರುತ್ತದೆ. 5 ಡಿಗ್ರಿಯೊಳಗೆ ಇರಬೇಕು ಅಂದರೆ ಸ್ಟೆಪ್ ಮಿಲಿಸೆಕೆಂಡಿಗೆ ಇಳಿಯುತ್ತದೆ, ಮತ್ತೆ ಆ ಹೆಪ್ಪುಗಟ್ಟುವ ಮರಳಿನ ಕಥೆ. ಅದಕ್ಕೆ ರನ್ನನ್ನು ಎರಡು ಭಾಗ ಮಾಡಿ. ಮೊದಲ 20, 30 ಸೆಕೆಂಡಿಗೆ ಸುಮಾರು 2 ಸೆಕೆಂಡಿನ ಫಿಕ್ಸ್ಡ್ ಸ್ಟೆಪ್, ಆಮೇಲೆ ಆಟೋಮ್ಯಾಟಿಕ್. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಲೋಹಕ್ಕೆ ಒಂದು ಮಿತಿ, ಮೋಲ್ಡಿಗೆ ಇನ್ನೊಂದು ಮಿತಿ ಕೊಡಬಹುದು. ಆಗ ಎರಡು ಭಾಗ ಮಾಡುವುದೂ ಬೇಡ.

ಇನ್ನೊಂದು ವಿಷಯ ಮಳೆಗಾಲದಲ್ಲಿ ಬೆಳಗಾವಿಯವರಿಗೆ ಚೆನ್ನಾಗಿ ಗೊತ್ತಿರುವಂಥದ್ದು: ಮರಳಿನ ತೇವ. ಗ್ರೀನ್ ಸ್ಯಾಂಡಿನಲ್ಲಿ (ಹಸಿ ಮರಳಿನಲ್ಲಿ) ಶೇಕಡಾ 3 ನೀರಿದ್ದರೆ ಅದನ್ನು ಆವಿ ಮಾಡಲು ಕೆಜಿ ಮರಳಿಗೆ ಸುಮಾರು 68,000 ಜೂಲ್ ಬೇಕು. ಒಣ ಮರಳನ್ನು 30ರಿಂದ 100 ಡಿಗ್ರಿಗೆ ಬಿಸಿ ಮಾಡಲೂ ಹೆಚ್ಚು ಕಡಿಮೆ ಅಷ್ಟೇ ಬೇಕು. ಅಂದರೆ ಮೋಲ್ಡಿನೊಳಗೂ 100 ಡಿಗ್ರಿಯಲ್ಲಿ ಇನ್ನೊಂದು ಲೇಟೆಂಟ್ ಹೀಟಿನ ಪಟ್ಟಿ ಇದೆ. ಅದನ್ನು ಮಾಡೆಲ್ಲಿನಲ್ಲಿ ಸೇರಿಸಿದರೆ ಅಲ್ಲಿಗೂ ಎಂಥಾಲ್ಪಿ ಬೇಕು, ಇಲ್ಲವಾದರೆ ಅದೂ ಹಾರಿಹೋಗುತ್ತದೆ.

ಕನ್ವರ್ಜೆನ್ಸ್: ಡಿಗ್ರಿ ನೋಡಬೇಡಿ, ಶಾಖ ನೋಡಿ

ಇಂಪ್ಲಿಸಿಟ್‌ನಲ್ಲಿ ಪ್ರತಿ ಸ್ಟೆಪ್ಪಿಗೂ ಉತ್ತರವನ್ನು ತಿದ್ದುತ್ತಾ ಹೋಗಬೇಕು. ಸಾಕು ಅಂತ ಯಾವಾಗ ನಿಲ್ಲಿಸುವುದು? ಎರಡು ಅಳತೆಗಳಿರುತ್ತವೆ. ಕೊನೆಯ ತಿದ್ದುವಿಕೆಯಲ್ಲಿ ತಾಪಮಾನ ಎಷ್ಟು ಬದಲಾಯಿತು ಅನ್ನುವುದು ಒಂದು. ಶಾಖದ ಲೆಕ್ಕ ಎಷ್ಟು ತಾಳೆಯಾಗದೆ ಉಳಿಯಿತು ಅನ್ನುವುದು ಇನ್ನೊಂದು. ಎಲ್ಲರಿಗೂ ಮೊದಲನೆಯದು ಇಷ್ಟ, ಯಾಕಂದರೆ ಅರ್ಥವಾಗುತ್ತದೆ. "1 ಡಿಗ್ರಿ ತಪ್ಪಾದ್ರ ಏನ್ ಆತ್ರಿ?" ಅಂತ ಕೇಳುತ್ತಾರೆ.

ಗಟ್ಟಿಯಾಗುವ ಪಟ್ಟಿಯಲ್ಲಿ 1 ಡಿಗ್ರಿ ಅಂದರೆ 6550 ಜೂಲ್. ಹೊರಗೆ 800. ಪಟ್ಟಿಯೊಳಗಿನ ಒಂದು ಡಿಗ್ರಿ ತಪ್ಪು ಹೊರಗಿನ ಎಂಟು ಡಿಗ್ರಿ ತಪ್ಪಿಗೆ ಸಮ. ಅದೂ ಪ್ರತಿ ಸ್ಟೆಪ್ಪಿನಲ್ಲೂ ಸೇರುತ್ತಾ ಹೋಗುತ್ತದೆ. ಹಾಗಾಗಿ ತಾಪಮಾನದ ಅಳತೆಯನ್ನು ಅರ್ಧ ಡಿಗ್ರಿಗೆ ಬಿಟ್ಟರೂ ಪರವಾಗಿಲ್ಲ, ಶಾಖದ ರೆಸಿಡ್ಯುಯಲ್ (ತಾಳೆಯಾಗದೆ ಉಳಿದ ಶಾಖ) ಮಾತ್ರ ಬಿಗಿಯಾಗಿರಲಿ. ಅನೇಕ ಸಾಫ್ಟ್‌ವೇರ್‌ಗಳು ಶೇಕಡಾ 0.5 ಇಟ್ಟುಕೊಂಡು ಬರುತ್ತವೆ. ಎರಕಕ್ಕೆ ನಾನು ಶೇಕಡಾ 0.1 ಮಾಡುತ್ತೇನೆ. ಅದಕ್ಕಿಂತ ಬಿಗಿ ಮಾಡಿ ಪ್ರಯೋಜನವಿಲ್ಲ. ಮರಳಿನ ಕಂಡಕ್ಟಿವಿಟಿ, ಲೋಹ ಮತ್ತು ಮೋಲ್ಡಿನ ನಡುವಿನ ಗಾಳಿಯ ಸಂದು, ಇವನ್ನು ಅಷ್ಟು ನಿಖರವಾಗಿ ಅಳೆದು ಕೊಟ್ಟವರು ಯಾರೂ ಇಲ್ಲ. ದಶಲಕ್ಷದಲ್ಲಿ ಒಂದು ಭಾಗಕ್ಕೆ ಟಾಲರೆನ್ಸ್ ಇಟ್ಟು ರಾತ್ರಿಯಿಡೀ ಓಡಿಸುವ ಬದಲು ಅದೇ ಸಮಯದಲ್ಲಿ ಮರಳಿನ ಕಂಡಕ್ಟಿವಿಟಿ ಎರಡು ಬೇರೆ ಬೇರೆ ಕೊಟ್ಟು ಎರಡು ರನ್ ಮಾಡಿ.

ಇಟರೇಶನ್ ಮಿತಿಯನ್ನು 50, 100ಕ್ಕೆ ಏರಿಸುವುದನ್ನು ದಯವಿಟ್ಟು ಬಿಡಿ. ಉತ್ತರ ತಿದ್ದಲು ಬಳಸುವ ನ್ಯೂಟನ್ ವಿಧಾನ ಸರಿಯಾಗಿ ನಡೆಯುತ್ತಿದ್ದರೆ ನಾಲ್ಕೈದರಲ್ಲಿ ಮುಗಿಯುತ್ತದೆ. ಎಂಟು ಹತ್ತು ದಾಟಿತು ಅಂದರೆ ಯಾವುದೋ ಒಂದು ನೋಡ್ (ಎಲಿಮೆಂಟಿನ ಮೂಲೆಯ ಬಿಂದು) ಪಟ್ಟಿಯ ಅಂಚಿನಲ್ಲಿ ಒಳಗೆ ಹೊರಗೆ ಜಿಗಿಯುತ್ತಾ ನಿಂತಿದೆ. ಮಿತಿ 10 ಇಡಿ. ದಾಟಿದರೆ ಸ್ಟೆಪ್ಪನ್ನು ಕಾಲು ಭಾಗಕ್ಕೆ ಇಳಿಸಲಿ, ಸಲೀಸಾಗಿ ನಡೆದರೆ ಒಂದೂವರೆ ಪಟ್ಟಿನಂತೆ ಏರಿಸಲಿ. ಇದರ ಜೊತೆಗೆ ಸಣ್ಣ ಸ್ಟೆಪ್ಪಿಗೆ ಒಂದು ಕೆಳಗಿನ ಮಿತಿ ಕೊಡುವುದನ್ನು ಮರೆಯಬೇಡಿ, ಮರಳಿನ ಮೆಶ್ಶಿನಿಂದ ಬಂದ ಆ 1.7 ಸೆಕೆಂಡಿನ ಆಸುಪಾಸಿನಲ್ಲಿ. ಆದರೂ ಜಿಗಿತ ನಿಲ್ಲದಿದ್ದರೆ ಲೈನ್ ಸರ್ಚ್ (ತಿದ್ದುವಿಕೆಯ ಅಳತೆಯನ್ನು ಹದಕ್ಕೆ ತರುವ ಆಯ್ಕೆ) ಹಾಕಿ. ಯುಟೆಕ್ಟಿಕ್ ಲೋಹ ಒಂದೇ ತಾಪಮಾನದಲ್ಲಿ ಗಟ್ಟಿಯಾಗುತ್ತದೆ ಅಂತ ಕೊಟ್ಟಿದ್ದರೆ ಅದನ್ನು 5ರಿಂದ 10 ಡಿಗ್ರಿ ಅಗಲ ಮಾಡಿ.

ನಿಮ್ಮ ಕೆಲಸಕ್ಕೆ ಯಾವುದು

ಕಾಲೇಜಿನ ಪ್ರಾಜೆಕ್ಟು, ಕೈಯಲ್ಲಿ ಒಂದು ಮಾಮೂಲಿ ಲ್ಯಾಪ್‌ಟಾಪ್ ಇದೆ ಅಂದರೆ ದುಡ್ಡು ಖರ್ಚು ಮಾಡಬೇಡಿ. ಎಲ್ಮರ್, ಕ್ಯಾಲ್ಕ್ಯುಲಿಕ್ಸ್ ಅನ್ನುವ ಸಾಫ್ಟ್‌ವೇರ್ ಎರಡೂ ಉಚಿತ. ಮೊದಲು ಎರಡು ಆಯಾಮದಲ್ಲಿ ಒಂದು ಪ್ಲೇಟ್ ಮಾಡಿ, ಸ್ಟೆಪ್ 4, 2, 1 ಸೆಕೆಂಡ್ ಅಂತ ಮೂರು ಸಲ ಓಡಿಸಿ. 4ಕ್ಕೂ 2ಕ್ಕೂ ಇರುವ ವ್ಯತ್ಯಾಸದ ಸುಮಾರು ಅರ್ಧದಷ್ಟು 2ಕ್ಕೂ 1ಕ್ಕೂ ಇರಬೇಕು. ಹಾಗೆ ಬಂದರೆ ನಿಮ್ಮ ಬ್ಯಾಕ್‌ವರ್ಡ್ ಆಯ್ಲರ್ ಸರಿಯಾಗಿದೆ, ಉಳಿದಿರುವ ತಪ್ಪು ಎಷ್ಟು ಅಂತಲೂ ಗೊತ್ತಾಯಿತು.

ಒಂದೇ ಡೆಸ್ಕ್‌ಟಾಪ್ ಇರುವ ಸಣ್ಣ ಫೌಂಡ್ರಿಯಲ್ಲಿ ಎರಡು ಥರದ ಕೆಲಸ ಇರುತ್ತದೆ. ಕೊಟೇಶನ್ ಕೊಡುವ ಮುಂಚೆ ಹಾಟ್ ಸ್ಪಾಟ್ (ಕೊನೆಗೆ ಗಟ್ಟಿಯಾಗುವ ಜಾಗ) ಎಲ್ಲಿದೆ ಅಂತ ತಿಳಿದರೆ ಸಾಕು ಅನ್ನುವಾಗ ದೊಡ್ಡ ಮೆಶ್, ಎಂಥಾಲ್ಪಿ, 10 ಸೆಕೆಂಡಿನ ಫಿಕ್ಸ್ಡ್ ಸ್ಟೆಪ್ ಸಾಕು. ಅದಕ್ಕೂ ಮುಂಚೆ ಖ್ವೋರಿನೋವ್ 1940ರಲ್ಲಿ ಕೊಟ್ಟ ನಿಯಮ ಹಾಕಿ ನೋಡಿ. ಘನ ಅಳತೆಯನ್ನು ಮೇಲ್ಮೈಯಿಂದ ಭಾಗಿಸಿದ ಮಾಡ್ಯುಲಸ್ ಎರಡು ಪಟ್ಟಾದರೆ ಗಟ್ಟಿಯಾಗುವ ಸಮಯ ನಾಲ್ಕು ಪಟ್ಟು. ಸಿಮ್ಯುಲೇಶನ್ ಇದಕ್ಕಿಂತ ತೀರಾ ಬೇರೆ ಏನಾದರೂ ಹೇಳಿದರೆ ಸೆಟ್ಟಿಂಗಿನಲ್ಲೇ ಹುಡುಕಿ. ರೈಸರ್ ಅಳತೆ ಪಕ್ಕಾ ಮಾಡಬೇಕಾದಾಗ ಮಾತ್ರ ಸಣ್ಣ ಮೆಶ್, ಎರಡು ಭಾಗದ ಆಟೋಮ್ಯಾಟಿಕ್ ರನ್. ಸಂಜೆ ಹಚ್ಚಿ ಹೋದರೆ ಬೆಳಿಗ್ಗೆ ಮುಗಿದಿರುತ್ತದೆ.

ಲೈಸೆನ್ಸಿಗೆ ದುಡ್ಡು ಕೊಟ್ಟು ಎರಕದ ನಂತರದ ಸ್ಟ್ರೆಸ್ಸೂ ನೋಡುವವರಿಗೆ ಆಟೋಮ್ಯಾಟಿಕ್ ಬಿಟ್ಟು ಬೇರೆ ದಾರಿ ಇಲ್ಲ. ಮೊದಲ ನಿಮಿಷದಿಂದ ಮೋಲ್ಡ್ ಒಡೆಯುವವರೆಗಿನ ಗಂಟೆಗಳನ್ನು ಒಂದೇ ಸ್ಟೆಪ್ಪಿನಲ್ಲಿ ಓಡಿಸುವುದು ಸಮಯ ದಂಡ.

ಯಾವುದನ್ನೇ ಆರಿಸಿ, ರನ್ ಮುಗಿದ ಮೇಲೆ ಎರಡು ನೋಡಿ. ಮಾಡೆಲ್ಲಿನಲ್ಲಿ ಅತಿ ಕಡಿಮೆ ತಾಪಮಾನ ಎಷ್ಟು? ಶುರುವಿನ 30 ಡಿಗ್ರಿಗಿಂತ ಕೆಳಗಿದ್ದರೆ ಎಲ್ಲ ಬಿಟ್ಟು ಮೆಶ್ಶಿಗೆ ಹೋಗಿ. ಆಮೇಲೆ ಲೋಹ ಕಳೆದುಕೊಂಡ ಶಾಖ, ಮರಳು ಪಡೆದ ಶಾಖ, ಹೊರಗೆ ಹೋದ ಶಾಖ, ಈ ಮೂರನ್ನು ಕೂಡಿ ಕಳೆದು ನೋಡಿ. ಶೇಕಡಾ 2ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಲೇಟೆಂಟ್ ಹೀಟ್ ಎಲ್ಲೋ ಸೋರಿದೆ.

ಸಾಧ್ಯವಾದರೆ ಮೋಲ್ಡ್ ಮಾಡುವಾಗ ಲೋಹದ ಮುಖದಿಂದ 10 ಮಿಲಿಮೀಟರ್ ದೂರದ ಮರಳಿನಲ್ಲಿ ಒಂದು ಕೆ-ಟೈಪ್ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಹೂತಿಡಿ. ದೊಡ್ಡ ಖರ್ಚಲ್ಲ. ಸುರಿದ ಮೇಲೆ ಅದರ ಗೆರೆ ಏರುತ್ತಾ ಹೋಗಿ 100 ಡಿಗ್ರಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತದೆ. ತೇವ ಆವಿಯಾಗುವ ಹೊತ್ತು ಅದು. ಆಮೇಲೆ ಮತ್ತೆ ಏರುತ್ತದೆ. ನಿಮ್ಮ ಸಿಮ್ಯುಲೇಶನ್ನಿನ ಗೆರೆಯನ್ನು ಅದರ ಮೇಲಿಟ್ಟು ನೋಡಿ. ಅಲ್ಲಿ ನಿಂತಿದೆಯಾ, ನಿಲ್ಲದೆ ದಾಟಿದೆಯಾ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.